ಹಂಸಳ ಫೋನು, ಶ್ರೀರಂಗಮ್ಮನ ಷರತ್ತು

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಶ್ರೀರಂಗಮ್ಮ ಒಂದು ಸಲ ಬೇಡ ಅಂದರೆ ಬೇಡವೇ. ಹಾಲಿಗೆ ನೀರು ಬೆರೆಸಿದ ಎಂದು ಹನ್ನೊಂದು ವರ್ಷದ ಹಿಂದೆ ಬಿಡಿಸಿದ ಹಾಲಿನವನ ಸೈಕಲ್ ಗಂಟೆ ಕೇಳಿದರೆ ಇವತ್ತಿಗೂ ಮುಖ ಗೋಡೆಯ ಕಡೆ ತಿರುಗಿಸುವ ಹೆಂಗಸು ಅವಳು. ಅಂಥವಳ ಮಗಳು ಹಂಸ, ಎರಡು ಸಾವಿರದ ಏಳನೇ ಇಸವಿಯ ಸಂಕ್ರಾಂತಿ ಕಳೆದ ವಾರ, ಮಧ್ಯಾಹ್ನದ ಊಟಕ್ಕೆ ಕೂತು ಸಾರನ್ನ ಕಲಸುತ್ತ, ಚನ್ನರಾಯಪಟ್ಟಣದ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ ಎಂದಳು. ಶ್ರೀರಂಗಮ್ಮ ಹುಳಿಯ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಮಗಳ ಎದುರಿಗೆ ಬಂದು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಬೇಡ ಎಂದಳು.

ತುಟಿ ಕಾಣಬೇಕು, ಯಾಕೆಂದರೆ ಹಂಸಳಿಗೆ ಕಿವಿ ಕೇಳುವುದಿಲ್ಲ. ಏಳನೇ ವರ್ಷದಲ್ಲಿ ಮೆದುಳು ಜ್ವರ ಬಂದು ಹೋದದ್ದು ಕಿವಿಯನ್ನು ಕರೆದುಕೊಂಡೇ ಹೋಯಿತು. ಮಾತು ಉಳಿಯಿತು. ಏರಿಳಿತವಿಲ್ಲದೆ, ಒಂದೇ ಮಟ್ಟದಲ್ಲಿ, ಆದರೆ ಅಕ್ಷರ ನುಂಗದೆ ಆಡುತ್ತಾಳೆ. ಮೈಸೂರಿನ ಕಿವುಡು ಮಕ್ಕಳ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು, ಕಂಪ್ಯೂಟರಿನಲ್ಲಿ ಕನ್ನಡ ಅಚ್ಚು ಜೋಡಿಸುವ ಡಿಟಿಪಿ ಕಲಿತಳು. ಆಮೇಲೆ ನಾಲ್ಕು ವರ್ಷ ಮನೆಯಲ್ಲಿ ಕೂತು ಬೀದಿಯ ಹೆಂಗಸರ ರವಿಕೆಗೆ ಕೊಕ್ಕೆ ಹಾಕಿ, ಸೀರೆಗೆ ಫಾಲ್ ಹೊಲಿದಳು. ಈಗ ಅವಳಿಗೆ ಇಪ್ಪತ್ತನಾಲ್ಕು.

ಪ್ರೆಸ್ಸಿನ ಯಜಮಾನಿ ಪ್ರೇಮಕುಮಾರಿ ಅವಳನ್ನು ಕಂಡುಹಿಡಿದದ್ದು ಅಪ್ಪನ ಮೂಲಕ. ಸಂಪತ್ಕುಮಾರ ಪ್ರೌಢಶಾಲೆಯ ಸಂಸ್ಕೃತ ಮೇಷ್ಟ್ರಾಗಿ ನಿವೃತ್ತನಾದವನು. ಸುತ್ತಲ ಹಳ್ಳಿಯವರಿಗೆಲ್ಲ ಮುಹೂರ್ತ ಇಟ್ಟುಕೊಡುವವನು. ಅವನು ಕೊಟ್ಟ ಮುಹೂರ್ತಗಳೆಲ್ಲ ಕೊನೆಗೆ ಚನ್ನರಾಯಪಟ್ಟಣದ ಆ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯಾಗುತ್ತಿದ್ದವು. ಒಂದು ಸಲ ಹಂಸ ಕೈಯಲ್ಲೇ ಬರೆದು ಕಳಿಸಿದ ಪತ್ರಿಕೆಯ ಮಾದರಿ ನೋಡಿ ಪ್ರೇಮಕುಮಾರಿ, ಈ ಹುಡುಗಿ ನನಗೆ ಬೇಕು ಅಂದಿದ್ದಳು.

ಶ್ರೀರಂಗಮ್ಮನಿಗೆ ಬೇಡ ಅನ್ನಲು ಕಾರಣವಿತ್ತು. ಐದು ವರ್ಷದ ಹಿಂದೆ ಹಂಸ ಹಾಸನದಲ್ಲಿ ಪರೀಕ್ಷೆ ಬರೆದು ಬರುವಾಗ, ಬಸ್ಸು ಬೇರೆ ಜಾಗದಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗಿದ್ದು ಅವಳಿಗೆ ಕೇಳಿಸದೆ ಮೂರು ಗಂಟೆ ಅದೇ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಆ ಮೂರು ಗಂಟೆಯನ್ನು ಶ್ರೀರಂಗಮ್ಮ ಇನ್ನೂ ಮರೆತಿರಲಿಲ್ಲ. ಹಂಸ ಯಾವತ್ತೋ ಮರೆತಿದ್ದಳು.

ವಾರವಿಡೀ ಮನೆಯಲ್ಲಿ ಅದೇ ಮಾತು. ಅರಕಲಗೂಡಿನ ಬ್ಯಾಂಕಿಗೆ ಬೈಕಿನಲ್ಲಿ ಹೋಗಿ ಬರುವ ಮಗ ವಂಶಿ ತಂಗಿಯ ಪರ. ಸಂಪತ್ಕುಮಾರ ಯಾರ ಪರವೂ ಅಲ್ಲ, ತಟ್ಟೆಯ ಪರ. ಕೊನೆಗೆ ಶ್ರೀರಂಗಮ್ಮ ಸೋತಳು ಅನ್ನುವಂತಿಲ್ಲ, ಷರತ್ತು ಹಾಕಿದಳು.

"ಬಸ್ಸು ಹತ್ತಿದ್ದು, ಅಲ್ಲಿ ತಲುಪಿದ್ದು, ಹೊರಟಿದ್ದು ನನಗೆ ಗೊತ್ತಾಗ್ಬೇಕು. ಮೂರು ಸಲ ಗೊತ್ತಾಗ್ದೆ ಹೋದ್ರೆ ಕೆಲಸ ಮುಗೀತು. ನಾಲ್ಕನೇ ಸಲ ಅಂತ ಕೇಳಕೂಡದು."

"ಒಪ್ಪಿಗೆ," ಎಂದಳು ಹಂಸ, ಅಮ್ಮ ಇನ್ನೇನಾದರೂ ಸೇರಿಸುವ ಮೊದಲೇ.

ಎಲ್ಲರ ಕೈಯಲ್ಲಿರುವ ಫೋನನ್ನೇ ತಂದುಕೊಡುತ್ತೇನೆಂದ ವಂಶಿ. ಅಂಥದ್ದು ಊರಿಗೆಲ್ಲ ಇದೆ, ಕೆಟ್ಟರೆ ಬೀದಿಗೊಬ್ಬ ರಿಪೇರಿ ಮಾಡುತ್ತಾನೆ, ಚಾರ್ಜರು ಪಕ್ಕದ ಮನೆಯಲ್ಲೂ ಸಿಗುತ್ತದೆ. ಹಂಸ ಕೇಳಲಿಲ್ಲ. ಒಪ್ಪಿಗೆಯಾದ ಮೇಲೆ ಕೆಲಸ ಮಾತಾಡಲು ಹೋದಾಗಲೇ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಓದಿ, ಒಂದು ಹಾಳೆಯ ತುಂಬ ಬರೆದುಕೊಂಡು ಬಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಕೊರಾಲ್ ಎಂಬ ಫೋನು. ಹೊಳೆನರಸೀಪುರ ತಾಲ್ಲೂಕಿನಲ್ಲಿ ಅದರ ಹೆಸರು ಕೇಳಿದವರಿರಲಿಲ್ಲ.

ಹಾಸನದ ಅಂಗಡಿಗೆ ಶ್ರೀರಂಗಮ್ಮನೂ ಜೊತೆಗೆ ಹೋದಳು. ಗಾಜಿನ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಎರಡೇ ಎರಡು ಕೊರಾಲ್‌ಗಳು ಧೂಳು ಹಿಡಿದು ಮಲಗಿದ್ದವು. ಏಜೆನ್ಸಿ ಮುಚ್ಚಿ ಹೋಗಿದೆ, ನಾಳೆ ಏನಾದರೂ ಆದರೆ ನಮ್ಮನ್ನು ಕೇಳಬೇಡಿ ಎಂದು ಅಂಗಡಿಯವನು ಮೊದಲೇ ಕೈ ತೊಳೆದುಕೊಂಡ. ಹಂಸ ಒಂದು ಫೋನನ್ನು ಬ್ಯಾಗಿನೊಳಗೆ ಹಾಕಿ, ಬ್ಯಾಗನ್ನು ಹೆಗಲಿಗೇರಿಸಿ, ಇನ್ನೊಂದರಿಂದ ಮೆಸೇಜು ಕಳಿಸಲು ಹೇಳಿದಳು. ಬ್ಯಾಗು ಅವಳ ಪಕ್ಕೆಗೆ ತಾಗಿ ಗುಂಯ್ ಎಂದು ನಡುಗಿತು. ಉಳಿದ ಫೋನುಗಳನ್ನೂ ಒಂದೊಂದಾಗಿ ಹಾಗೇ ಹಾಕಿ ನೋಡಿದಳು. ಅವುಗಳ ನಡುಕ ಬಟ್ಟೆ ದಾಟಲಿಲ್ಲ. ಕೊರಾಲ್‌ನಲ್ಲಿ ಅಕ್ಷರಕ್ಕೊಂದು ಗುಂಡಿ ಇತ್ತು. ಅದರ ಚಾಟ್ ಎರಡು ಕೊರಾಲ್‌ಗಳ ನಡುವೆ ಮಾತ್ರ ನಡೆಯುತ್ತಿತ್ತು, ಅದಕ್ಕೇ ಎರಡು ಬೇಕು. ಕಳಿಸಿದ ಮೆಸೇಜಿನ ಪಕ್ಕ ಹಳದಿ ಚುಕ್ಕೆ ಬರುತ್ತಿತ್ತು. ಆ ಕಡೆಯವರು ತೆರೆದು ನೋಡಿದ ಕೂಡಲೇ ಚುಕ್ಕೆ ಹಸಿರಾಗುತ್ತಿತ್ತು.

"ಬೇರೆ ಫೋನು ಹೋಯ್ತು ಅಂತ ಹೇಳತ್ತೆ," ಎಂದಳು ಹಂಸ. "ಇದು ಅಮ್ಮ ನೋಡಿದ್ಳು ಅಂತ ಹೇಳತ್ತೆ."

ನಾಲ್ಕು ವರ್ಷದ ಕೊಕ್ಕೆ, ಫಾಲಿನ ದುಡ್ಡು ಅಲ್ಲೇ ಖರ್ಚಾಯಿತು. ಮನೆಗೆ ಬಂದಾಗ ವಂಶಿ ತಲೆ ಚಚ್ಚಿಕೊಂಡ. ಪರದೆಯ ಮೂಲೆಯಲ್ಲಿ ಗಂಟೆಯ ಪಕ್ಕ ಒಂದು ಪುಟ್ಟ ಚಂದ್ರ ಇದ್ದ. ಪಾಡ್ಯಕ್ಕೆ ಎಳೆಯಾಗಿ, ಹುಣ್ಣಿಮೆಗೆ ತುಂಬಿ, ದಿನದ ಪ್ರಕಾರ ಆಕಾರ ಬದಲಿಸುತ್ತಿದ್ದ. ಈ ಡಬ್ಬದಲ್ಲಿ ಚೆನ್ನಾಗಿರುವುದು ಅದೊಂದೇ ಎಂದ ವಂಶಿ. ಸಂಪತ್ಕುಮಾರ ಮಾತ್ರ ಕನ್ನಡಕ ಹಣೆಗೇರಿಸಿ ಚಂದ್ರನನ್ನು ಬಹಳ ಹೊತ್ತು ನೋಡಿ, "ಇವತ್ತು ಅಷ್ಟಮಿ. ಸರಿಯಾಗೇ ತೋರಿಸ್ತಿದೆ," ಎಂದು ಮೆಚ್ಚಿಕೊಂಡ.

ಆ ಫೋನಿನಲ್ಲಿ ಕನ್ನಡ ಬರೆದರೆ ಬರೀ ಚೌಕ ಚೌಕ ಕಾಣುತ್ತಿತ್ತು. ಶ್ರೀರಂಗಮ್ಮ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಕೂಡಿಸಿ ಓದುವಷ್ಟರಲ್ಲಿ ಒಗ್ಗರಣೆ ಸೀಯುತ್ತಿತ್ತು. ಹಂಸ ಒಂದು ಹಳೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ದುಂಡು ಅಕ್ಷರದಲ್ಲಿ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಒಂದು, ಬಸ್ಸು ಹತ್ತಿದೆ. ಎರಡು, ತಲುಪಿದೆ. ಮೂರು, ಊಟ ಆಯಿತು. ನಾಲ್ಕು, ಹೊರಟೆ. ಐದು, ತಡವಾಗುತ್ತದೆ, ಹೆದರಬೇಡ. ಒಂಬತ್ತು, ಅಣ್ಣನನ್ನು ಕಳಿಸು. ಅಮ್ಮ ವಾಪಸು ಕಳಿಸಬೇಕಾದದ್ದು ಒಂದೇ, ಸೊನ್ನೆ. ಸೊನ್ನೆ ಅಂದರೆ ಸರಿ.

ಫೆಬ್ರವರಿ ಐದನೇ ತಾರೀಖು ಸೋಮವಾರ ಹಂಸ ಎಂಟೂ ಹತ್ತರ ಬಸ್ಸು ಹತ್ತಿದಳು. ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಇಂಗಿನ ಡಬ್ಬಿಯ ಪಕ್ಕ ಇಟ್ಟಿದ್ದ ಫೋನು ಎಂಟೂಕಾಲಿಗೆ ಗುರುಗುಟ್ಟಿತು. ಶ್ರೀರಂಗಮ್ಮ ಆಗ ಮಡಿಯಲ್ಲಿದ್ದಳು, ದೇವರಿಗೆ ಇನ್ನೂ ನೈವೇದ್ಯ ಆಗಿರಲಿಲ್ಲ. ಮುಟ್ಟುವಂತಿಲ್ಲ, ನೋಡದೆ ಇರುವಂತಿಲ್ಲ. ಹಳೆಯ ಮರದ ಸೌಟೊಂದನ್ನು ಹುಡುಕಿ, ಅದರ ಹಿಡಿಯ ತುದಿಯಿಂದ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಎಂದಿತ್ತು. ಹಿಡಿಯಿಂದಲೇ ಸೊನ್ನೆ ಒತ್ತಿ ಕಳಿಸಿದಳು. ಇದನ್ನು ನೋಡಿದ ಸಂಪತ್ಕುಮಾರ, ಈಗ ಮೈಲಿಗೆಯಾದದ್ದು ಸೌಟೋ ಫೋನೋ ಎಂದು ಕೇಳಿ, ಮೊದಲ ಕಾಫಿಗೆ ಅರ್ಧ ಗಂಟೆ ಕಾದ. ಆ ಸೌಟು ಮತ್ತೆ ಅಡುಗೆಗೆ ಇಳಿಯಲಿಲ್ಲ, ಫೋನಿನದೇ ಸೌಟಾಯಿತು.

ಮೊದಲ ವಾರ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ನಡೆಯಿತು. ಎರಡನೇ ವಾರದ ಗುರುವಾರ ಬೆಳಗ್ಗೆ ಒಂದು ಬಂತು, ಎರಡು ಬರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಏನೋ ಇಂಗ್ಲಿಷು. ಶ್ರೀರಂಗಮ್ಮ ಬ್ಯಾಂಕಿಗೆ ಫೋನು ಮಾಡಿಸಿದಳು. ವಂಶಿ ರಜೆ ಹಾಕಿ, ಬೈಕಿನಲ್ಲಿ ಚನ್ನರಾಯಪಟ್ಟಣಕ್ಕೆ ಓಡಿದ. ಅಲ್ಲಿ ಹಂಸ ಯಾರದೋ ಗೃಹಪ್ರವೇಶದ ಪತ್ರಿಕೆ ಜೋಡಿಸುತ್ತ ನೆಮ್ಮದಿಯಾಗಿ ಕೂತಿದ್ದಳು. ಒಂಬತ್ತೂವರೆಗೇ ಎರಡು ಕಳಿಸಿದ್ದಳು. ಚುಕ್ಕೆ ಹಳದಿಯಾಗಿಯೇ ನಿಂತಿತ್ತು.

ಬಸ್ ಸ್ಟ್ಯಾಂಡಿನ ಎದುರು ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದವನು ಚೆನ್ನಯ್ಯನ ಮಗ ಅಶೋಕ. ಶ್ರೀರಂಗಮ್ಮ ಸಂಜೆ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಅವನಲ್ಲಿಗೆ ಹೋದಳು. ಅಶೋಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಬ್ಯಾಟರಿ ಕಿತ್ತು, ಒರೆಸಿ, ಮತ್ತೆ ಹಾಕಿ, ಅದು ಕೇಳಿದ ತಾರೀಖು ಗಂಟೆಯನ್ನೆಲ್ಲ ತುಂಬಿಸಿದ. ತಕ್ಷಣ ಗೂಡಿನಿಂದ ಬಿಟ್ಟ ಕೋಳಿಗಳ ಹಾಗೆ ಎರಡು, ಮೂರು, ನಾಲ್ಕು ಒಂದರ ಹಿಂದೊಂದು ಬಂದವು.

"ಬ್ಯಾಟ್ರಿ ಕಿತ್ತಾಕಿದ್ರೆ ಸರೋಯ್ತದೆ ಅಮ್ಮೋರೆ. ಇದ್ಕೆ ಮದ್ದು ಅದೊಂದೇಯ. ಬಿಚ್ಚಿ ನೋಡಣ ಅಂದ್ರೆ ಇಂತಾ ಫೋನ ನಮ್ಮಪ್ಪನಾಣೆ ನಾನು ನೋಡೇ ಇಲ್ಲ."

ಮುಂದಿನ ಗುರುವಾರ ಮತ್ತೆ ಅದೇ ಕಥೆ, ಮತ್ತೆ ಅದೇ ಮದ್ದು. ಶ್ರೀರಂಗಮ್ಮ ಎರಡು ಬೆರಳು ಎತ್ತಿ ತೋರಿಸಿದಳು. ಹಂಸ ಪ್ರೆಸ್ಸಿನ ಇಂಟರ್‌ನೆಟ್ಟಿನಿಂದ ಕಂಪನಿಗೆ ಪತ್ರ ಬರೆದಳು. ಮೂರು ದಿನಕ್ಕೆ ಉತ್ತರ ಬಂತು: ಫೋನಿನ ತಾರೀಖು ತಪ್ಪಾಗಿದ್ದರೆ ನಮ್ಮ ಚಾಟ್ ಒಳಗೆ ಬಿಡುವುದಿಲ್ಲ, ಪರೀಕ್ಷಿಸಿ. ಹಂಸ ತನ್ನದನ್ನೂ ಅಮ್ಮನದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಎರಡರಲ್ಲೂ ತಾರೀಖು ಸರಿಯಾಗಿಯೇ ಇತ್ತು. ಚಾಟನ್ನು ಅಳಿಸಿ ಹೊಸದಾಗಿ ಹಾಕಿದಳು, ಸಿಮ್ಮು ಅದಲು ಬದಲು ಮಾಡಿದಳು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾವ ದಿನ ತಪ್ಪಿತು, ಕೊನೆಗೆ ಬಂದ ಮೆಸೇಜು ಯಾವುದು, ಅಶೋಕ ಏನು ಮಾಡಿದ, ಎಲ್ಲ ಬರೆದಿಟ್ಟಳು. ಸಂಬಾರಪುಡಿಯ ಅಳತೆಯನ್ನೂ ಬರೆದಿಡದ ಶ್ರೀರಂಗಮ್ಮನಿಗೆ ಅದನ್ನು ನೋಡಿ ಒಳಗೊಳಗೇ ಮೆಚ್ಚುಗೆಯಾಯಿತು. ಷರತ್ತು ಷರತ್ತೇ ಆದ್ದರಿಂದ ಹೊರಗೆ ತೋರಿಸಲಿಲ್ಲ.

ಮೂರನೆಯದು ಫೆಬ್ರವರಿ ಇಪ್ಪತ್ತೇಳು, ಮಂಗಳವಾರ. ಮಧ್ಯಾಹ್ನ ಒಂದೂವರೆಗೆ ಊಟ ಆಯಿತು ಎಂದು ಮೂರು ಬಂತು, ಶ್ರೀರಂಗಮ್ಮ ಸೊನ್ನೆ ಕಳಿಸಿದಳು. ಅಷ್ಟೇ. ನಾಲ್ಕು ಬರಲಿಲ್ಲ. ಆರೂ ನಲವತ್ತಕ್ಕೆ ಬರಬೇಕಾದ ಬಸ್ಸೂ ಬರಲಿಲ್ಲ. ಶ್ರೀರಂಗಮ್ಮ ಒಲೆ ಆರಿಸಿ, ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಳು. ಅಶೋಕ ಸ್ಟೂಲು ತಂದುಕೊಟ್ಟರೂ ಕೂರಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಯಾವುದೋ ಬೇರೆ ಬಸ್ಸಿನ ಹಿಂದಿನ ಬಾಗಿಲಿನಿಂದ ಹಂಸ ಇಳಿದಳು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಅವಳು ಕಂಡಕ್ಟರಿಗೆ ಚೀಟಿ ಬರೆದು ತೋರಿಸಿ, ಯಾವ ಬಸ್ಸಿಗೆ ಹತ್ತಿಸುತ್ತಾರೆಂದು ತಿಳಿದುಕೊಂಡು, ಜೊತೆಗೆ ಇಬ್ಬರು ಮುದುಕಿಯರ ಗಂಟನ್ನೂ ಎತ್ತಿಕೊಟ್ಟು ಬಂದಿದ್ದಳು.

"ಐದು ಕಳಿಸಿದ್ದೆ ಅಮ್ಮ. ನಾಲ್ಕೂ ಕಳಿಸಿದ್ದೆ."

"ಬರಲಿಲ್ಲ."

ಹಂಸ ತನ್ನ ಫೋನು ತೋರಿಸಿದಳು. ಎರಡು ಹಳದಿ ಚುಕ್ಕೆ. ಅಮ್ಮನ ಕೈಯಲ್ಲಿದ್ದ ಫೋನಿಗೆ ಅಶೋಕ ಅಲ್ಲೇ ಮತ್ತೆ ಹಳೇ ಮದ್ದು ಮಾಡಿ, ತಾರೀಖು ತುಂಬಿಸಿಕೊಟ್ಟ.

ಆ ಸಂಜೆ ಊಟದಲ್ಲಿ ಮಾತು ಏರಿತು. ವಂಶಿ, ನಾನು ಆಗಲೇ ಹೇಳಿದ್ದೆ, ಊರಿಗಿಲ್ಲದ ಫೋನು ನಮಗೇಕೆ ಎಂದ. ಸಂಪತ್ಕುಮಾರ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮೂವತ್ತು ವರ್ಷದಲ್ಲಿ ಹಾಗಾದದ್ದು ಕಡಿಮೆ, ಆದರೆ ಆಗ ಅದನ್ನು ಯಾರೂ ಗಮನಿಸಲಿಲ್ಲ.

"ತಪ್ಪಿದ್ದು ಫೋನು," ಎಂದಳು ಹಂಸ. "ಶಿಕ್ಷೆ ನನಗೆ."

"ಫೋನು ತಪ್ಪಿದ್ರೆ ನಾನು ಕಳ್ಕೊಳ್ಳೋದು ಫೋನನ್ನಲ್ಲ, ನಿನ್ನ," ಎಂದಳು ಶ್ರೀರಂಗಮ್ಮ. "ನಾಳೆಯಿಂದ ಬೇಡ."

ಎದ್ದು ಗೋಡೆಯ ಪಟ್ಟಿಯನ್ನು ಕಿತ್ತು, ಅಕ್ಕಿ ಡಬ್ಬಿಯ ಕೆಳಗೆ ಹಾಸಿದ್ದ ಪೇಪರಿನಡಿ ತುರುಕಿದಳು. ಹರಿದು ಹಾಕಲು ಮಾತ್ರ ಕೈ ಬರಲಿಲ್ಲ.

ಮದುವೆ ಪತ್ರಿಕೆಗಳ ಕಾಲ ಬೇರೆ. ಪ್ರೇಮಕುಮಾರಿ ವಂಶಿಗೆ ಫೋನು ಮಾಡಿ, ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದಳು. ಯುಗಾದಿಗೆ ಮೂರು ವಾರ ಇತ್ತು.

ಹಂಸ ಅಳಲಿಲ್ಲ, ಊಟ ಬಿಡಲಿಲ್ಲ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಳು, ಹುರುಳಿಕಾಯಿ ಹೆಚ್ಚಿಕೊಟ್ಟಳು, ಬಟ್ಟೆ ಒಗೆದಳು. ಕೆಲಸ ಮುಗಿದ ಮೇಲೆ ನಡುಮನೆಯ ಕಂಬಕ್ಕೆ ಒರಗಿ, ಎರಡು ಫೋನನ್ನೂ ನೋಟ್‌ಬುಕ್ಕನ್ನೂ ಮುಂದಿಟ್ಟುಕೊಂಡು ಕೂರುತ್ತಿದ್ದಳು. ನಾಲ್ಕನೇ ದಿನ ಶ್ರೀರಂಗಮ್ಮನಿಗೆ ತಡೆಯಲಾಗದೆ, ಇನ್ನೂ ಯಾಕೆ ಅದನ್ನು ಕಟ್ಟಿಕೊಂಡು ಕೂತಿದ್ದೀಯ ಎಂದು ಕೇಳಿದಳು.

"ಕೆಲಸ ಹೋದ್ರೆ ಹೋಗ್ಲಿ. ಕಾರಣ ಗೊತ್ತಾಗ್ದೆ ಬಿಡಲ್ಲ."

ನೋಟ್‌ಬುಕ್ಕಿನ ಮೂರನೇ ಸಾಲಿನಲ್ಲಿ ಹೀಗೆ ಬರೆದಿತ್ತು: ಮಂಗಳವಾರ, ಕೊನೆಗೆ ಬಂದದ್ದು ಅಮ್ಮನ ಸೊನ್ನೆ. ಅದರ ಮೇಲೆ ಬಿದ್ದ ತಾರೀಖು ಏಪ್ರಿಲ್ 29. ಮುಂದೆ ದೊಡ್ಡದೊಂದು ಪ್ರಶ್ನೆ ಚಿಹ್ನೆ. ಫೆಬ್ರವರಿಯಲ್ಲಿ ಒತ್ತಿದ ಸೊನ್ನೆ ಏಪ್ರಿಲ್ಲಿನಲ್ಲಿ ಹೋಗಿ ಬಿದ್ದದ್ದು ಹೇಗೆ ಎಂದು ಅವಳಿಗೆ ಬಗೆಹರಿಯುತ್ತಿರಲಿಲ್ಲ.

ಮರುದಿನ ಹಳೇಕೋಟೆಯ ಕೆಂಪಣ್ಣ ಬಂದ. ಮಗಳ ಮದುವೆ, ಪತ್ರಿಕೆಯ ಒಕ್ಕಣೆ ಹಂಸಳೇ ಬರೆದುಕೊಡಬೇಕಂತೆ. ಜಗುಲಿಯಲ್ಲಿ ಸಂಪತ್ಕುಮಾರ ಜೋಲು ಮುಖ ಹಾಕಿಕೊಂಡು ಕೂತಿದ್ದ. ಶ್ರೀರಂಗಮ್ಮ ಬಾಗಿಲ ಪಕ್ಕ ನಿಂತು ಕೆಂಪಣ್ಣನ ಮಾತನ್ನು ಮಗಳಿಗೆ ಮುಖ ತೋರಿಸಿ ಹೇಳುತ್ತಿದ್ದಳು. ಹುಡುಗನ ಹೆಸರು, ಹುಡುಗಿಯ ಹೆಸರು, ಛತ್ರ, ಎಲ್ಲವನ್ನೂ ಹಂಸ ಪೆನ್ಸಿಲಿನಲ್ಲಿ ಇಳಿಸಿಕೊಂಡಳು. ಮದುವೆ ಯಾವತ್ತು ಎಂದು ಕೇಳಿದಳು.

"ಏಪ್ರಿಲ್ ಇಪ್ಪತ್ತೊಂಬತ್ತು, ಬಾನ್ವಾರ ಕಣವ್ವ. ಐನೋರೇ ಇಟ್ಕೊಟ್ಟವ್ರೆ."

ಪೆನ್ಸಿಲು ನಿಂತಿತು. ಹಂಸ ಒಂದು ಸಲ ಅಪ್ಪನನ್ನು ನೋಡಿದಳು. ಸಂಪತ್ಕುಮಾರ ಬೀದಿಯ ಆ ಕಡೆಯ ವಿದ್ಯುತ್ ಕಂಬವನ್ನು ನೋಡುತ್ತಿದ್ದ.

"ಮುಹೂರ್ತ ಕೇಳೋಕೆ ಯಾವತ್ತು ಬಂದಿದ್ರಿ ಕೆಂಪಣ್ಣ?"

"ಓದ ಮಂಗ್ಳಾರ. ಮದ್ಯಾನ ಬಂದಿದ್ನಲ್ಲ, ಆಗ ನಿಮ್ಮವ್ವಾರು ಉಂಡೋಗು ಅಂತ ಎಲೆ ಆಕಿದ್ರು."

ಶ್ರೀರಂಗಮ್ಮನಿಗೆ ಅಷ್ಟರಲ್ಲಿ ಅರ್ಧ ಅರ್ಥವಾಗಿತ್ತು. ಈಗ ಇವಳು ಅಪ್ಪನನ್ನು ಇಲ್ಲೇ, ಕೆಂಪಣ್ಣನ ಎದುರೇ ನಿಲ್ಲಿಸಿ ಕೇಳುತ್ತಾಳೆ ಎಂದುಕೊಂಡಳು. ಕೇಳಿದ್ದರೆ ತಪ್ಪೂ ಇರಲಿಲ್ಲ. ಹೋದದ್ದು ಅವಳ ಕೆಲಸ. ಹಂಸ ತಲೆ ಬಗ್ಗಿಸಿ ತಾರೀಖು ಬರೆದುಕೊಂಡಳು, ಶ್ರೀಯುತರು ಎಷ್ಟು ಜನ, ಸುಖಾಗಮನ ಬಯಸುವವರು ಯಾರು ಎಂದು ವಿಚಾರಿಸಿದಳು, ಎರಡು ದಿನದಲ್ಲಿ ಕೊಡುತ್ತೇನೆಂದು ನಮಸ್ಕಾರ ಮಾಡಿದಳು. ಕೆಂಪಣ್ಣ ಬೀದಿಯ ತಿರುವು ದಾಟುವವರೆಗೆ ನಿಂತು, ಆಮೇಲೆ ಬಾಗಿಲು ಮುಂದೆ ಮಾಡಿ, ನೋಟ್‌ಬುಕ್ಕನ್ನು ಅಪ್ಪನ ಮಡಿಲಲ್ಲಿಟ್ಟಳು. ಶ್ರೀರಂಗಮ್ಮನಿಗೆ ಮಗಳ ಮೇಲೆ ಅಷ್ಟು ಹೆಮ್ಮೆ ಹಿಂದೆಂದೂ ಬಂದಿರಲಿಲ್ಲ. ಗಂಡನ ಮೇಲೆ ಅಷ್ಟು ಸಿಟ್ಟೂ ಬಂದಿರಲಿಲ್ಲ.

"ಚಂದ್ರನ್ನ ನೋಡ್ದೆ," ಎಂದ ಸಂಪತ್ಕುಮಾರ.

ಆಮೇಲೆ ಎಲ್ಲ ಹೊರಬಂತು. ಹೊಸ ವರ್ಷದ ಪಂಚಾಂಗ ಜನವರಿಯಲ್ಲೇ ಅಂಚೆಯಲ್ಲಿ ಬಂದು, ಹಳದಿ ವಸ್ತ್ರದಲ್ಲಿ ಸುತ್ತಿ ದೇವರ ಮುಂದೆ ಕೂತಿರುತ್ತದೆ. ಯುಗಾದಿಯ ದಿನ ಪೂಜೆಯಾಗದೆ ಅದನ್ನು ಬಿಚ್ಚಕೂಡದು ಎಂಬುದು ಅವನ ತಾತ ಮಾಡಿಟ್ಟ ನಿಯಮ. ಬೇರೆಯವರು ಕದ್ದು ನೋಡುತ್ತಾರೆ, ಅವನು ನೋಡುವುದಿಲ್ಲ. ಯುಗಾದಿಯ ಆಚೆಗಿನ ಮುಹೂರ್ತ ಕೇಳಿ ಬಂದವರಿಗೆ ಬೆರಳ ಗೆಣ್ಣಿನ ಮೇಲೆ ತಿಥಿ ಎಣಿಸಿ ಹೇಳುತ್ತಾನೆ. ನಲವತ್ತು ವರ್ಷ ಹಾಗೇ ಹೇಳಿದ್ದಾನೆ. ಆದರೆ ಈಗ ಅರವತ್ತೆರಡು. ಹೋದ ವರ್ಷ ಒಂದು ಸಲ ಎಣಿಸುವಾಗ ಮಧ್ಯದಲ್ಲಿ ತಪ್ಪಿ, ಮತ್ತೆ ಮೊದಲಿಂದ ಎಣಿಸಿದ್ದ. ಅವತ್ತಿನಿಂದ ಮನಸ್ಸಿನಲ್ಲಿ ಒಂದು ಅಳುಕು. ಈ ಫೋನಿನಲ್ಲಿ ತಾರೀಖು ಮುಂದೆ ಹಾಕಿದರೆ ಆ ದಿನದ ಚಂದ್ರ ಕಾಣುತ್ತಾನೆ ಎಂದು ಕಂಡುಕೊಂಡ ಮೇಲೆ, ಎಣಿಸಿ ಮುಗಿಸಿ, ಅಡುಗೆಮನೆಗೆ ಹೋಗಿ ಚಂದ್ರನನ್ನು ಕೇಳಿಕೊಂಡು ಬರುತ್ತಿದ್ದ. ಕೆಂಪಣ್ಣ ಬಂದ ದಿನ ಹಾಗೆ ಮುಂದೆ ಹಾಕಿಟ್ಟ ಹೊತ್ತಿನಲ್ಲೇ ಶ್ರೀರಂಗಮ್ಮ ಬಂದು ಸೊನ್ನೆ ಕಳಿಸಿದ್ದಳು. ಆಗಲೇ ತೆರೆದಿದ್ದ ಚಾಟಿನಿಂದ ಅದೊಂದು ಏಪ್ರಿಲ್ಲಿನ ತಾರೀಖು ಹೊತ್ತು ಹೋಗಿತ್ತು, ಆಮೇಲೆ ಚಾಟ್ ಒಳಗೆ ಬಿಟ್ಟಿರಲಿಲ್ಲ.

"ವಾಪಸು ಇಡ್ತಿದ್ದೆ ಕಣಮ್ಮ. ದಿನ ವಾಪಸು ಇಡ್ತಿದ್ದೆ. ಚಂದ್ರ ಸರಿಯಾಗಿ ಬಂದು ಕೂತ ಅಂದ್ರೆ ಎಲ್ಲ ಸರಿಯಾಯ್ತು ಅಂದ್ಕೊಂಡೆ."

ಅಲ್ಲೇ ಅವನು ಎಡವಿದ್ದು. ದಿನದ ಅಂಕಿ ಹಿಂದಕ್ಕೆ ತಿರುಗಿಸಿದವನು ತಿಂಗಳನ್ನು ತಿರುಗಿಸಿರಲಿಲ್ಲ. ಫೆಬ್ರವರಿಯ ಒಂದು ತಾರೀಖಿಗೂ ಏಪ್ರಿಲ್ಲಿನ ಅದೇ ತಾರೀಖಿಗೂ ನಡುವೆ ಐವತ್ತೊಂಬತ್ತು ದಿನ. ಅಷ್ಟರಲ್ಲಿ ಚಂದ್ರ ಎರಡು ಸುತ್ತು ಮುಗಿಸಿ ಅದೇ ಆಕಾರಕ್ಕೆ ಬಂದು ನಿಂತಿರುತ್ತಾನೆ. ಬೇರೆ ಯಾರೇ ಆಗಿದ್ದರೂ ತಿಂಗಳು ನೋಡುತ್ತಿದ್ದರು. ಪಂಚಾಂಗದ ಮನುಷ್ಯ ಚಂದ್ರನನ್ನು ನೋಡಿ ನಂಬಿದ.

ಹಂಸ ಕೆಲಸ ಬಿಟ್ಟು ಕೂತ ಮೇಲಾದರೂ ಬಾಯಿ ಬಿಡಬಾರದಿತ್ತೇ ಎಂದು ಶ್ರೀರಂಗಮ್ಮ ಕೇಳಿದಳು. ಅನುಮಾನ ಬಂದಿತ್ತು, ಆದರೆ ವಿದ್ವಾಂಸರು ತಿಥಿಯನ್ನು ಫೋನು ನೋಡಿ ಹೇಳುತ್ತಾರೆ ಎಂದು ಊರು ನಗುತ್ತದಲ್ಲ ಎಂದು ನಾಲಿಗೆ ಏಳಲಿಲ್ಲ ಎಂದ ಸಂಪತ್ಕುಮಾರ. "ನನ್ನ ಮರ್ಯಾದೆಗೆ ನಿನ್ನ ಕೆಲಸ ಕೊಟ್ಟೆ ಮಗಳೇ. ತಪ್ಪಾಯ್ತು," ಎಂದು ಅವಳಿಗೆ ಕಾಣುವ ಹಾಗೆ ಮುಖ ಎತ್ತಿ ಹೇಳಿದ.

ಹಂಸ ಅಪ್ಪನ ಪಕ್ಕ ಕೂತಳು. "ಮೂರು ಮುಹೂರ್ತದಲ್ಲಿ ಎಣಿಕೆ ಎಷ್ಟು ತಪ್ಪಿತ್ತು?"

"ಒಂದೂ ತಪ್ಪಿರಲಿಲ್ಲ."

"ಮತ್ತೆ ಯಾಕೆ ನೋಡಿದ್ರಿ?"

"ನೀನು ಹಸಿರು ಚುಕ್ಕೆ ಯಾಕೆ ನೋಡ್ತೀಯ? ಅದಕ್ಕೇ."

ಹಂಸ ನಕ್ಕಳು, ಅವಳ ನಗುವಿಗೆ ಮಾತ್ರ ಏರಿಳಿತವಿತ್ತು. ಫೋನು ಎತ್ತಿಕೊಂಡು ಅರ್ಧ ಗಂಟೆ ಅದರ ಮೂಲೆ ಮುಡುಕೆಲ್ಲ ಹುಡುಕಿ, ತಾರೀಖು ಮುಟ್ಟದೆ ಯಾವ ದಿನದ ಚಂದ್ರನನ್ನಾದರೂ ನೋಡಬಹುದಾದ ಕ್ಯಾಲೆಂಡರಿನ ಪುಟವೊಂದನ್ನು ಪತ್ತೆ ಮಾಡಿದಳು. ಅದಕ್ಕೆ ಹೋಗುವ ದಾರಿಯನ್ನು ಅಪ್ಪನಿಗೆ ಹತ್ತು ಸಲ ಒತ್ತಿಸಿ ಕಲಿಸಿದಳು. ಸಂಜೆ ಬಂದು ವಿಷಯ ಕೇಳಿದ ವಂಶಿ ಬಿದ್ದು ಬಿದ್ದು ನಕ್ಕು, ತಂಗಿಯ ಮುಖ ನೋಡಿ ನಿಲ್ಲಿಸಿದ. ಬೀದಿಯಲ್ಲಿ ಯಾರಿಗೂ ಹೇಳಬಾರದು ಎಂದು ಅವಳು ಅವನಿಂದ ಆಣೆ ಹಾಕಿಸಿಕೊಂಡಳು.

ಶ್ರೀರಂಗಮ್ಮ ಅಕ್ಕಿ ಡಬ್ಬಿ ಎತ್ತಿ ಪಟ್ಟಿಯನ್ನು ತೆಗೆದಳು. ನಾಲ್ಕು ಅನ್ನದ ಅಗುಳು ಹಿಸುಕಿ ಹಿಂದೆ ಬಳಿದು, ಹಿಂದಿನ ಜಾಗಕ್ಕೇ ಅಂಟಿಸಿದಳು.

"ಲೆಕ್ಕ ಮೊದಲಿಂದನಾ?" ಎಂದಳು ಹಂಸ.

"ಮೊದಲಿಂದ. ಮೂರೇ."

ಯುಗಾದಿಯ ದಿನ ಹಳದಿ ವಸ್ತ್ರ ಬಿಚ್ಚಿ, ಪಂಚಾಂಗಕ್ಕೆ ಅರಿಶಿನ ಕುಂಕುಮ ಹಚ್ಚಿ ತೆರೆದಾಗ ಸಂಪತ್ಕುಮಾರ ಮೊದಲು ಓದಿದ್ದು ವರ್ಷಫಲವನ್ನಲ್ಲ, ಏಪ್ರಿಲ್ ಇಪ್ಪತ್ತೊಂಬತ್ತನ್ನು. ಬೆರಳಿನ ಲೆಕ್ಕ, ಫೋನಿನ ಚಂದ್ರ, ಪಂಚಾಂಗ, ಮೂರೂ ಒಂದೇ ಹೇಳಿದವು. ಅವನು ಹೋಳಿಗೆಯನ್ನು ನಾಲ್ಕು ಸಲ ಹಾಕಿಸಿಕೊಂಡ.

ಏಪ್ರಿಲ್ ಎರಡನೇ ವಾರದ ಒಂದು ಶುಕ್ರವಾರ ಹಂಸ ಬಸ್ಸಿಗೆ ಹೊರಟು ಹೋದ ಮೇಲೆ, ಗೂಡಿನಲ್ಲಿದ್ದ ಫೋನು ಗುರುಗುಟ್ಟಲಿಲ್ಲ. ಶ್ರೀರಂಗಮ್ಮ ಸೌಟಿನ ಹಿಡಿಯಿಂದ ಒತ್ತಿದಳು, ಪರದೆ ಕಪ್ಪಾಗಿಯೇ ಇತ್ತು. ಮಡಿ ಮುಗಿಸಿ ಅಶೋಕನಲ್ಲಿಗೆ ಓಡಿದಳು. ಅವನು ಬ್ಯಾಟರಿ ಕಿತ್ತು ಅಂಗೈ ಮೇಲಿಟ್ಟು ತೋರಿಸಿದ. ಅದು ಹಪ್ಪಳದ ಹಾಗೆ ಉಬ್ಬಿತ್ತು.

"ಈ ಸತಿ ಮದ್ದಿಲ್ಲ ಅಮ್ಮೋರೆ. ಇದ್ರ ಬ್ಯಾಟ್ರಿ ಆಸನದಲ್ಲೂ ಸಿಗಕಿಲ್ಲ, ಬೆಂಗ್ಳೂರಲ್ಲೂ ಸಿಗಕಿಲ್ಲ. ಮುಗೀತು ಇದ್ರ ಕತೆ."

ಬೈಕು ಹೊರಗೆ ತೆಗೆಯುತ್ತಿದ್ದ ವಂಶಿ, ಒಂದು ಸಲ ಚನ್ನರಾಯಪಟ್ಟಣಕ್ಕೆ ಹೋಗಿ ನೋಡಿಕೊಂಡು ಬರಲೇ ಎಂದು ಕೇಳಿದ. ಶ್ರೀರಂಗಮ್ಮ ಅವನ ಬುತ್ತಿಯ ಚೀಲವನ್ನು ತಂದು ಬೈಕಿಗೆ ಸಿಕ್ಕಿಸಿದಳು.

"ನಿನ್ನ ಬ್ಯಾಂಕಿಗೆ ನೀನು ಹೋಗು," ಎಂದಳು.

ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಒಂಬತ್ತೂವರೆಗೆ ಕಣ್ಣು ತಾನಾಗಿ ಗೂಡಿಗೆ ಹೋಯಿತು, ಒಂದೂವರೆಗೆ ಮತ್ತೆ ಹೋಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಧ್ಯಾಹ್ನ ಸಂಡಿಗೆಗೆ ಕಾಗೆ ಕಾಯುತ್ತ ಕೂತಾಗ, ಬಸ್ಸು ಕೆಟ್ಟು ನಿಂತ ಆ ಸಂಜೆ ನೆನಪಾಯಿತು. ಅವತ್ತು ಫೋನು ಕೈಕೊಟ್ಟಿತ್ತು, ಹಂಸ ಕೈಕೊಟ್ಟಿರಲಿಲ್ಲ. ಚೀಟಿ ಬರೆದು, ಬಸ್ಸು ಕೇಳಿ, ಮುದುಕಿಯರ ಗಂಟು ಹೊತ್ತು ಮನೆಗೆ ಬಂದಿದ್ದಳು. ಚುಕ್ಕೆ ಹಳದಿಯಾದರೂ ಹಸಿರಾದರೂ ಅವಳು ಬರುತ್ತಿದ್ದಳು. ಇದು ಇಷ್ಟು ದಿನ ತನಗೆ ಯಾಕೆ ಹೊಳೆಯಲಿಲ್ಲ ಎಂದು ಶ್ರೀರಂಗಮ್ಮನಿಗೆ ತನ್ನ ಮೇಲೇ ಬೇಸರವಾಯಿತು.

ಸಂಜೆ ಅವಳು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಆರೂವರೆಗೆ ಅಕ್ಕಿ ತೊಳೆದು ಇಟ್ಟಳು, ಯಾವಾಗಿನಷ್ಟೇ ಅಳತೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಹಂಸ ಓಡುನಡಿಗೆಯಲ್ಲಿ ಒಳಗೆ ಬಂದಳು. ಚಪ್ಪಲಿ ಬಿಟ್ಟವಳು ನೆಟ್ಟಗೆ ಗೂಡಿಗೆ ಹೋಗಿ, ಸತ್ತ ಫೋನನ್ನು ಎತ್ತಿ, ಉಬ್ಬಿದ ಬ್ಯಾಟರಿಯನ್ನು ನೋಡಿದಳು. ದಿನವಿಡೀ ಹಳದಿ ಚುಕ್ಕೆ ನೋಡಿ ನೋಡಿ ಅವಳ ಮುಖ ಬಾಡಿತ್ತು.

"ನಾಲ್ಕೂ ಕಳಿಸಿದೀನಿ," ಎಂದಳು. "ಇದು ಹೊಸ ಲೆಕ್ಕದಲ್ಲಿ ಒಂದನೇದು. ಇನ್ನೂ ಎರಡು ಇದೆ ಅಮ್ಮ. ಅಷ್ಟರಲ್ಲಿ ಬೇರೆ ಫೋನು ನೋಡ್ತೀನಿ, ಎಲ್ಲರ ಹತ್ರ ಇರೋದನ್ನೇ ತಗೋತೀನಿ."

ಶ್ರೀರಂಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಗಳ ಭುಜ ಹಿಡಿದು, ತನ್ನ ಮುಖಕ್ಕೆ ದೀಪದ ಬೆಳಕು ಬೀಳುವ ಹಾಗೆ ನಿಂತಳು.

"ನಾಳೆ ಬುತ್ತಿಗೆ ಏನು ಮಾಡ್ಲಿ?" ಎಂದಳು. "ಎಂಟೂ ಹತ್ತರ ಬಸ್ಸೇ ತಾನೆ?"

ಹಂಸ ಅಮ್ಮನ ತುಟಿಯನ್ನೇ ನೋಡಿದಳು, ಸರಿಯಾಗಿ ಓದಿಕೊಂಡೆನೋ ಇಲ್ಲವೋ ಎಂಬಂತೆ ಇನ್ನೊಂದು ಸಲ ಹೇಳು ಎಂದಳು. ಶ್ರೀರಂಗಮ್ಮ ಇನ್ನೊಂದು ಸಲ ಹೇಳಿದಳು.